ತಾಯಿಯಿಲ್ಲದ ದೇವತೆಯ ಹೆಸರು

ಚಾಮರಾಜಪೇಟೆ, ಬೆಂಗಳೂರು
ಗುರುವಾರ, ೧೪ ನವೆಂಬರ್ ೨೦೨೪

ಚಿರಂಜೀವಿ ಪ್ರಭುವಿಗೆ,

ಊಟ ಮಾಡಿದೆಯಾ? ಕ್ಷೇಮವೇ ಎಂದು ಕೇಳಿ ಕಾಗದ ಶುರು ಮಾಡುವುದು ಪದ್ಧತಿ. ಕ್ಷೇಮವಾಗಿಲ್ಲ ಎಂದು ಗೊತ್ತಿದ್ದೂ ಹಾಗೆ ಕೇಳುವುದು ಮರ್ಯಾದೆಯಲ್ಲ, ಅದಕ್ಕೇ ಊಟದ ವಿಷಯ ಮಾತ್ರ ಕೇಳುತ್ತಿದ್ದೇನೆ. ಭಾನುವಾರದಿಂದ ಹೊಟ್ಟೆಗೆ ಏನಾದರೂ ಬಿದ್ದಿದೆಯಾ? ಬಿ.ಪಿ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಡ, ನುಂಗದೆಯೂ ಇರಬೇಡ. ನನ್ನ ಮಂಡಿ ನೋವು ಇದ್ದ ಹಾಗೇ ಇದೆ. ಕಾರ್ತಿಕ ಬಂತು, ಸಂಜೆ ಹೊಸಿಲಿಗೆ ದೀಪ ಇಡಲು ಬಗ್ಗಿದರೆ ಏಳುವಾಗ ಗೋಡೆ ಹಿಡಿಯಬೇಕು. ನನ್ನ ಸಮಾಚಾರ ಅಷ್ಟೆ.

ನೀನು ಫೋನು ಎತ್ತುತ್ತಿಲ್ಲ. ಚಾಮರಾಜಪೇಟೆಯಿಂದ ಗವಿಪುರಕ್ಕೆ ಆಟೋ ಹತ್ತಿ ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಇಳಿಯುವ ಜಾಗ ಬರುತ್ತದೆ. ಅಷ್ಟು ದೂರಕ್ಕೆ ಕಾಗದ ಬರೆಯುವ ತಾಯಿ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಇದ್ದರೆ ಇರಲಿ. ಬಾಯಿಮಾತಿನಲ್ಲಿ ನಾನು ಏನು ಹೇಳಹೊರಟರೂ ಅದು ಬೈಗುಳವಾಗಿಯೇ ಹೊರಬರುತ್ತದೆ ಎಂದು ನಿಮ್ಮಪ್ಪ ಹೇಳುತ್ತಿದ್ದರು. ಬರೆದರೆ ಅಲ್ಲಲ್ಲಿ ಹೊಡೆದುಹಾಕಬಹುದು.

ಭಾನುವಾರ ವೇಣು ತೀರಿಹೋದ ಸುದ್ದಿ ನನಗೆ ಗೊತ್ತಾದದ್ದು ಸೋಮವಾರ ಬೆಳಿಗ್ಗೆ. ನೀನು ಹೇಳಲಿಲ್ಲ. ಹೂವಿನ ಮುನಿಯಕ್ಕ ಬಾಗಿಲಲ್ಲಿ ಬುಟ್ಟಿ ಇಳಿಸಿ, ಮೊಳ ಅಳೆಯುವುದನ್ನು ಬಿಟ್ಟು ನಿಂತಳು. ಅವಳೂ ತಿಗಳರಪೇಟೆಯವಳೇ, ವೇಣುವಿನ ಮನೆಯ ಪಕ್ಕದ ಸಂದಿಯವಳು. "ನಿಮ್ಮ ಅವರೇಕಾಯಿ ಹುಡ್ಗ ಹೋಗ್ಬಿಟ್ಟ ಕಣಮ್ಮ. ಮಾರ್ಕೆಟ್ಟಲ್ಲಿ ಮೂಟೆ ಇಳಿಸ್ತಾ ಇಳಿಸ್ತಾನೇ ಎದೆ ಹಿಡ್ಕೊಂಡು ಕೂತ್ಬಿಟ್ನಂತೆ" ಎಂದಳು. ನಲವತ್ತಾರು ಒಂದು ವಯಸ್ಸೇ? ಉಳಿದದ್ದನ್ನೂ ಅವಳೇ ಹೇಳಿದಳು. ನೀನು ಆಸ್ಪತ್ರೆಗೆ ಓಡಿದ್ದು, ಅಲ್ಲಿ "ಪೇಷೆಂಟಿಗೆ ಏನಾಗ್ಬೇಕು ನೀವು?" ಎಂದು ಕೇಳಿದ್ದು, "ಫ್ರೆಂಡು" ಎಂದು ನೀನು ಹೇಳಿದ್ದು, "ಹಾಗಾದ್ರೆ ಹೊರಗೆ ವೆಯ್ಟ್ ಮಾಡಿ ಸಾರ್" ಎಂದು ಕೂರಿಸಿದ್ದು, ಅವನ ತಮ್ಮ ಮುನಿಕೃಷ್ಣ ಬಂದ ಮೇಲೆ ನಿನಗೆ ಅಲ್ಲಿ ಕುರ್ಚಿಯೂ ಇಲ್ಲದೆ ಹೋದದ್ದು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೀಗರ ಮನೆಯಿಂದ ಅನ್ನ ಹೋಗಬೇಕು. ನಮ್ಮಲ್ಲೂ ಹಾಗೇ, ಅವರಲ್ಲೂ ಹಾಗೇ. ಮುನಿಯಕ್ಕ ಅತ್ತ ಹೋದಳು, ನಾನು ಇತ್ತ ಅಕ್ಕಿ ತೊಳೆಯಲು ಕೂತೆ. ಯಾಕೆ ಎಂದು ಆಗ ಕೇಳಿಕೊಳ್ಳಲಿಲ್ಲ. ಕೈಗೆ ಅಭ್ಯಾಸ. ಒಗ್ಗರಣೆ ಹಾಕದ ತಿಳಿಸಾರು, ಅನ್ನ, ಬರೀ ಉಪ್ಪು ಹಾಕಿ ಬೇಯಿಸಿದ ಹುರುಳಿಕಾಯಿ. ನಿಮ್ಮಪ್ಪ ನಮ್ಮ ಪಾತ್ರೆ ಅಂಗಡಿಯಿಂದ ತಂದಿದ್ದ ದೊಡ್ಡ ಕ್ಯಾರಿಯರಿನಲ್ಲಿ ತುಂಬಿದೆ. ಪ್ರತಿ ಡಬ್ಬಿಯ ಮೇಲೂ ನನ್ನ ಹೆಸರು ಕೊರೆಸಿದ್ದಾರೆ. ನಿನಗೆ ನೆನಪಿರಬೇಕು, ಶಾಲೆಗೆ ಅದರಲ್ಲಿ ಒಂದು ಡಬ್ಬಿ ತೆಗೆದುಕೊಂಡು ಹೋಗಿ "ಮಹಾನಂದ" ಎಂದು ಎಲ್ಲರೂ ಕೂಗಿ ರೇಗಿಸಿದರೆಂದು ಅತ್ತುಕೊಂಡು ಬಂದಿದ್ದೆ.

ಆಟೋದಲ್ಲಿ ಕೂತಾಗ ವೇಣುವೇ ಕಣ್ಣ ಮುಂದೆ. ನಿನ್ನ ಸ್ನೇಹಿತ ಎಂದು ಎಷ್ಟು ವರ್ಷ ಬಂದುಹೋದ! ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ಕೂತು, ನಾನು ಅವರೇಕಾಯಿ ಬಿಡಿಸುವುದನ್ನು ನೋಡುತ್ತ, "ಅಮ್ಮಾ, ಈ ಸಲದ್ದು ಸೊಗಡು ಜಾಸ್ತಿ, ಇಂಥದ್ದು ನಿಮಗೆ ಬಿಟ್ರೆ ಯಾರಿಗೂ ಕೊಡಲ್ಲ" ಎಂದು ಎಲ್ಲ ಗಿರಾಕಿಗಳಿಗೂ ಹೇಳುವ ಮಾತನ್ನೇ ನನಗೂ ಹೇಳುತ್ತಿದ್ದ. ಒಂದು ಸಲ ಮಾರ್ಕೆಟ್ಟಿನ ಅವನ ಮಳಿಗೆಗೆ ಹೋದಾಗ ನಾನು ಬೆಂಡೆಕಾಯಿ ತುದಿ ಮುರಿದು ನೋಡಿದ್ದಕ್ಕೆ, "ಮುರಿದಿದ್ದನ್ನೆಲ್ಲ ಕೊಂಡ್ಕೋಬೇಕು ಅಂತ ರೂಲ್ ಮಾಡಿದ್ರೆ ನಿಮ್ಮ ಪಾತ್ರೆ ಅಂಗಡೀನೇ ನನ್ನ ಹೆಸ್ರಿಗೆ ಬರ್ಕೊಡ್ಬೇಕಾಗುತ್ತೆ ಅಮ್ಮಾ" ಎಂದು ನಾಲ್ಕು ಜನರ ಎದುರಿಗೆ ಅಂದ. ನನ್ನನ್ನು ಹಾಗೆ ಅಂದು ಉಳಿದುಕೊಂಡವನು ಅವನೊಬ್ಬನೇ. ನೀನು ಈ ಮನೆ ಬಿಟ್ಟ ಮೇಲೆ ಅವನು ಬರಲಿಲ್ಲ, ಆದರೆ ಪ್ರತಿ ವರ್ಷ ಅವರೇಕಾಯಿ ಕಾಲಕ್ಕೆ ಮುನಿಯಕ್ಕನ ಹೂವಿನ ಬುಟ್ಟಿಯ ಅಡಿಯಲ್ಲಿ ಒಂದು ಚೀಲ ಬರುತ್ತಿತ್ತು. ಯಾರು ಕಳಿಸಿದ್ದೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಬಿಡಿಸಿದೆ, ನೆನೆಹಾಕಿ ಹಿತುಕಿದೆ, ಸಾರು ಮಾಡಿ ಒಬ್ಬಳೇ ಕೂತು ಉಂಡೆ. ಈ ವರ್ಷದ್ದು ಇನ್ನೂ ಬಂದಿರಲಿಲ್ಲ. ಇನ್ನು ಬರುವುದಿಲ್ಲ.

ತಿಗಳರಪೇಟೆಯ ಸಂದಿಗೆ ಆಟೋ ಹೋಗುವುದಿಲ್ಲ. ಕ್ಯಾರಿಯರ್ ಹಿಡಿದು ನಡೆದೆ. ಶಾಮಿಯಾನದ ಕೆಳಗೆ ಗಂಡಸರು, ಜಗಲಿಯ ಮೇಲೆ ಹೆಂಗಸರು. ಬಾಗಿಲಲ್ಲಿ ನಿಂತಿದ್ದ ಒಬ್ಬ ಹುಡುಗಿ, ಒಳ್ಳೆಯ ಮರ್ಯಾದೆಯಿಂದಲೇ, "ಬನ್ನಿ ಅಮ್ಮ. ಯಾರ ಕಡೆಯೋರು ನೀವು? ನಮ್ಮ ವೇಣು ಮಾಮಂಗೆ ಏನಾಗ್ಬೇಕು?" ಎಂದು ಕೇಳಿದಳು.

ಪ್ರಭು, ಪಾತ್ರೆ ಅಂಗಡಿಯಲ್ಲಿ ಗಲ್ಲಾದ ಪಕ್ಕ ಕೂತು ನಾನು ಕಾಲ ಕಳೆದವಳು. ಉಡುಗೊರೆಗೆ ಪಾತ್ರೆ ಕೊಂಡವರು ಹೆಸರು ಹಾಕಿಸುವಾಗ ಏನು ಕೊರೆಯಬೇಕೆಂದು ಚೀಟಿಯಲ್ಲಿ ಬರೆದುಕೊಡುತ್ತಿದ್ದವಳು ನಾನೇ. ಸೋದರಮಾವನಿಂದ, ದೊಡ್ಡಮ್ಮನಿಂದ, ಅಜ್ಜಿಯಿಂದ ಮೊಮ್ಮಗಳಿಗೆ, ಬೀಗರಿಂದ ಬೀಗರಿಗೆ. ಕನ್ನಡದಲ್ಲಿ ಎಷ್ಟು ನಂಟು ಉಂಟೋ ಅಷ್ಟೂ ನನ್ನ ಕೈಯಿಂದ ದಾಟಿ ಹೋಗಿದೆ. ಆ ಬಾಗಿಲಲ್ಲಿ ಒಂದೂ ಸಿಗಲಿಲ್ಲ. ಪರಿಚಯದವರು ಎನ್ನೋಣವೆಂದರೆ ಪರಿಚಯದವರು ಸಾವಿನ ಮನೆಗೆ ಅನ್ನ ತರುವುದಿಲ್ಲ. ಸ್ನೇಹಿತನ ತಾಯಿ ಎನ್ನೋಣವೆಂದರೆ ಅದೂ ಹಾಗೇ. ಕೇಳಿದ್ದಕ್ಕೆ ಉತ್ತರ ಕೊಡದೆ ನಾನು ನಿಂತದ್ದು ಜೀವಮಾನದಲ್ಲಿ ಅದೇ ಮೊದಲು.

ಒಳಗಿನಿಂದ ಅವನ ತಾಯಿ ಸಪ್ಪಲಮ್ಮ ನನ್ನನ್ನು ನೋಡಿದರು. ನಾನು ಯಾರೆಂದು ಅವರಿಗೆ ತಿಳಿಯಿತು, ಹೇಗೆ ತಿಳಿಯಿತೋ. ಎದ್ದು ಬಂದರು. ಕೂಗಾಡಲಿಲ್ಲ. ಕ್ಯಾರಿಯರನ್ನು ನೋಡಿದರು, ನನ್ನನ್ನು ನೋಡಿದರು. "ಇದು ಬೀಗ್ರು ತರೋ ಅನ್ನ. ನನ್ ಮಗನ್ಗೆ ಮದ್ವೆ ಆಗಿರ್ನಿಲ್ಲ. ಮದ್ವೆ ಆಗ್ದೋನಿಗೆ ಬೀಗ್ರು ಎಲ್ಲಿಂದ ಬತ್ತಾರವ್ವಾ? ತಕೊಂಡ್ ಹೋಗಿ" ಎಂದರು. ನನಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತು. ನಾನು ಆ ಹೊಸಿಲಿನ ಒಳಗಿದ್ದು, ಅವರು ಹೊರಗಿದ್ದು, ಒಳಗೆ ಮಲಗಿಸಿದವನು ನೀನಾಗಿದ್ದರೆ, ನಾನು ಆಡುತ್ತಿದ್ದುದೂ ಅದೇ ಮಾತು, ಅದೇ ಧಾಟಿ. ನನ್ನ ಮಾತನ್ನೇ ಬೇರೆಯವರ ಬಾಯಿಂದ ಕೇಳಿಸಿಕೊಂಡು ಹಿಂತಿರುಗಿದೆ.

ಮುನಿಯಕ್ಕ ಮಾರನೆಯ ದಿನ ಹೇಳಿದ್ದನ್ನು ನಿನಗೆ ಬರೆಯಬಾರದೆಂದಿದ್ದೆ. ಆದರೆ ನೀನು ಅದನ್ನು ಕಂಡೇ ಇದ್ದೀಯ, ನನಗೆ ಗೊತ್ತಿಲ್ಲ ಎಂದು ನಟಿಸುವುದು ಬೇಡ. ಮದುವೆಯಾಗದೆ ಸತ್ತವನನ್ನು ಹಾಗೇ ಕಳಿಸಬಾರದು ಎಂದು ಅವರ ಕಡೆಯ ಹಿರಿಯರೊಬ್ಬರು ಹಠ ಹಿಡಿದರಂತೆ. ಎಕ್ಕದ ಗಿಡದ ರೆಂಬೆಯೊಂದನ್ನು ತಂದು, ಅರಿಶಿನ ಹಚ್ಚಿ, ಅವನ ಕೈಗೆ ದಾರ ಮುಟ್ಟಿಸಿ ಅದಕ್ಕೆ ತಾಳಿ ಕಟ್ಟಿಸಿದರಂತೆ. "ರಸ್ತೆ ಆ ಕಡೆ ನಿಂತಿದ್ನಮ್ಮ ನಿಮ್ಮ ಮಗ. ಹೋಗು ಅಂತ ಯಾರೂ ಅನ್ನಿಲ್ಲ, ಬಾ ಅಂತ್ಲೂ ಯಾರೂ ಅನ್ನಿಲ್ಲ" ಎಂದಳು. ಆ ಎಕ್ಕದ ರೆಂಬೆಗೆ ಅವನ ಹೆಂಡತಿ ಎಂಬ ಹೆಸರು ಸಿಕ್ಕಿತು. ಹದಿನೈದು ವರ್ಷ ಅವನ ಜೊತೆ ಇದ್ದ ನಿನಗೆ ರಸ್ತೆಯ ಆಚೆ ಬದಿ. ಕಾನೂನು ಈಗ ಇದನ್ನು ಅಪರಾಧ ಎನ್ನುವುದಿಲ್ಲವಂತೆ. ಆದರೆ ಸಂಬಂಧ ಎಂದೂ ಅನ್ನುವುದಿಲ್ಲವಲ್ಲ.

ಆಗ, ನೀನು ಹಿಂದೆ ಹೇಳಿದ್ದ ಆ ಜರ್ಮನ್ ವಕೀಲ ನೆನಪಾದ. ಮೂರು ವರ್ಷದಿಂದ ಅವನನ್ನು ನಾನು ಮನಸ್ಸಿಗೆ ತಂದುಕೊಂಡಿರಲಿಲ್ಲ. ನೀನು ಮನೆ ಬಿಟ್ಟ ದಿನ ಮಧ್ಯಾಹ್ನ, ನಾನು ಹೆಣ್ಣಿನ ಫೋಟೋ ಮುಂದಿಟ್ಟಿದ್ದೆ, ನೀನು ಅದನ್ನು ಮಗುಚಿಟ್ಟು "ಅಮ್ಮಾ, ಹೆಣ್ಣು ನೋಡೋದು ನಿಲ್ಲಿಸ್ಬಿಡು" ಎಂದು ವೇಣುವಿನ ವಿಷಯ ಹೇಳಲು ಶುರು ಮಾಡಿದೆ. ನಾನು "ಕೆಲಸದವಳು ಇದಾಳೆ, ಇಂಗ್ಲಿಷಲ್ಲಿ ಹೇಳು" ಎಂದೆ. ಎಸ್ಸೆಸ್ಸೆಲ್ಸಿವರೆಗೆ ಓದಿದ ನನ್ನ ಇಂಗ್ಲಿಷ್ ಎಷ್ಟು ಎಂದು ನಿನಗೆ ಗೊತ್ತೇ ಇತ್ತು, ನೀನು ನಕ್ಕುಬಿಟ್ಟೆ. ಅವಳು ಹೋದ ಮೇಲೆ ನಾನು ಕೇಳಿದೆ: "ಬೀದೀಲಿ ಏನಂತಾರೆ ನಂಗೂ ಗೊತ್ತು, ಅದನ್ನ ಬಾಯಲ್ಲಿ ತರಲ್ಲ. ಮರ್ಯಾದಸ್ಥರು ಏನಂತಾರೆ ನಿಮ್ಮಂಥವರಿಗೆ?" ನೀನು ಮೇಷ್ಟ್ರು, ಪ್ರಶ್ನೆ ಕೇಳಿದರೆ ಪಾಠವೇ ಶುರು.

ನೂರ ಅರವತ್ತು ವರ್ಷದ ಹಿಂದೆ ಜರ್ಮನಿಯಲ್ಲೂ ಮರ್ಯಾದೆಯ ಪದವಿರಲಿಲ್ಲ ಎಂದೆ ನೀನು. ಪಾಪ ಎನ್ನುವುದು ಚರ್ಚಿನವರ ಪದ, ಅಪರಾಧ ಎನ್ನುವುದು ಕೋರ್ಟಿನ ಪದ, ಮಿಕ್ಕದ್ದೆಲ್ಲ ಬೈಗುಳ. ಈ ವಕೀಲ, ತಾನೇ ಅಂಥವನು, ಬೈಗುಳವಲ್ಲದ ಒಂದು ಹೆಸರನ್ನು ತಾನೇ ಮಾಡಿಕೊಂಡ: ಊರ್ನಿಂಗ್. ಗ್ರೀಕರ ಹಳೆಯ ಕಥೆಯಲ್ಲಿ ಪ್ರೀತಿಯ ದೇವತೆ ಇಬ್ಬರಂತೆ. ಒಬ್ಬಳು ಆಕಾಶದ ಮಗಳು, ಊರಾನಿಯ, ಗಂಡಿಗೆ ಗಂಡಿನ ಮೇಲೆ ಹುಟ್ಟುವ ಪ್ರೀತಿ ಅವಳ ಪಾಲಿನದು. ಅವಳ ಹೆಸರಿನಿಂದ ಈ ಹೆಸರು. ಇನ್ನೊಬ್ಬಳು ದೇವ ದೇವಿಯರಿಗೆ ಹುಟ್ಟಿದ ಮಗಳು, ಅವಳಿಂದ ಗಂಡು ಹೆಣ್ಣು ಕೂಡಿ ಬಾಳುವ ನನ್ನಂಥವರಿಗೂ ಒಂದು ಹೆಸರಿಟ್ಟನಂತೆ, ಡಿಯೋನಿಂಗ್ ಎಂದು. "ನಮಗ್ಯಾಕಪ್ಪ ಹೆಸರು? ನಾವೇನು ಮಾಡಿದೀವಿ?" ಎಂದೆ ನಾನು. "ಅದೇ ಅಮ್ಮಾ, ನಾವೂ ಏನೂ ಮಾಡಿಲ್ಲ" ಎಂದೆ ನೀನು. ಗಂಡಿನ ದೇಹದಲ್ಲಿ ಹೆಣ್ಣಿನ ಆತ್ಮ ಎಂದು ಅವನು ಬರೆದನಂತೆ. ಅದು ಸರಿಯಲ್ಲ, ಅವನ ಕಾಲಕ್ಕೆ ಅಷ್ಟೇ ಹೊಳೆಯಿತು ಎಂದೆ ನೀನು. ಶರಣ ಸತಿ, ಲಿಂಗ ಪತಿ ಎಂದು ನಿಮ್ಮಪ್ಪ ಪಂಚಾಕ್ಷರಯ್ಯನವರು ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂರುತ್ತಿದ್ದರು, ಅಷ್ಟು ದಪ್ಪ ಮೀಸೆ ಇಟ್ಟುಕೊಂಡು. ಅವರಿಗೆ ಯಾರೂ ಹೆಸರಿಡಲಿಲ್ಲ ಎಂದು ಮನಸ್ಸಿಗೆ ಬಂತು. ಹೇಳಲಿಲ್ಲ.

ಅವನು ನ್ಯಾಯವಾದಿಗಳ ದೊಡ್ಡ ಸಭೆಯಲ್ಲಿ ಎದ್ದು ನಿಂತು ಮಾತಾಡಿದನೆಂದೂ, ಎಲ್ಲರೂ ಕೂಗಿ ನಿಲ್ಲಿಸಿದರೆಂದೂ, ಉಳಿದದ್ದನ್ನು ಲ್ಯಾಟಿನ್ನಿನಲ್ಲಿ ಹೇಳು ಎಂದು ಅಧ್ಯಕ್ಷರು ಅಂದರೆಂದೂ ಹೇಳಿ, "ನೀನು ಇಂಗ್ಲಿಷಲ್ಲಿ ಹೇಳು ಅಂದ ಹಾಗೆ" ಎಂದೆ ನೀನು. ಇಬ್ಬರೂ ನಕ್ಕೆವು. ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಕೊನೆ. ಯಾಕೆಂದರೆ ಆಮೇಲೆ ನಾನು, ಆ ಆಕಾಶದ ಮಗಳ ತಾಯಿ ಯಾರು ಎಂದು ಕೇಳಿದೆ. "ತಾಯಿ ಇಲ್ಲ. ಅವಳು ಬರೀ ತಂದೆಯಿಂದ ಹುಟ್ಟಿದೋಳು" ಎಂದೆ ನೀನು, ಪಾಠದ ಭರದಲ್ಲಿ. ನನಗೆ ಬೇರೆ ಯಾವುದೂ ಕಿವಿಗೆ ಬೀಳಲಿಲ್ಲ. ಇರುವ ದೇವತೆಗಳಲ್ಲಿ ತಾಯಿಯಿಲ್ಲದವಳನ್ನೇ ಹುಡುಕಿ ಹೆಸರಿಟ್ಟುಕೊಂಡರೇ ಇವರು ಎನ್ನಿಸಿತು. "ತಾಯಿ ಇಲ್ಲದೋಳ ಹೆಸರು ಬೇಕಾದೋರಿಗೆ ತಾಯಿ ಮನೆ ಯಾಕೆ?" ಎಂದೆ. ಸಂಜೆಗೆ ನೀನು ಬಟ್ಟೆ ತುಂಬಿಕೊಂಡು ಗವಿಪುರಕ್ಕೆ ಹೋದೆ. ಆಡಿದ್ದನ್ನು ವಾಪಸು ತೆಗೆದುಕೊಳ್ಳಲು ನಾನು ಇದನ್ನು ಬರೆಯುತ್ತಿಲ್ಲ. ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ಯಾವ ಮಾತಿಗೂ ತೂಕವೇ ಇರುತ್ತಿರಲಿಲ್ಲ.

ಮೊನ್ನೆ ನಿನ್ನ ಅಕ್ಕನ ಮಗಳು ಸಾನ್ವಿ ಬಂದಿದ್ದಳು. ಆ ವಕೀಲನಿಗೆ ತಾಯಿ ಇದ್ದಳೇ, ನೋಡಿ ಹೇಳು ಎಂದೆ. ಅವಳು ಫೋನಿನಲ್ಲಿ ಹುಡುಕಿ ಓದಿದಳು. ತನ್ನ ವಿಷಯವನ್ನು ಅವನು ಅಕ್ಕತಂಗಿಗೆ, ನೆಂಟರಿಗೆ ಕಾಗದ ಬರೆದು ತಿಳಿಸಿದನಂತೆ, ಅದನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿಸಬೇಡವೆಂದು ಅವರು ಬೇಡಿಕೊಂಡರಂತೆ. ತಾಯಿಗೆ ಬರೆಯಲಿಲ್ಲ, ಯಾಕೆಂದರೆ ಅಷ್ಟು ಹೊತ್ತಿಗೆ ತಾಯಿ ತೀರಿಹೋಗಿ ಕೆಲವು ವರ್ಷವಾಗಿತ್ತು. ಕೊನೆಗೆ ಅವನು ದೇಶ ಬಿಟ್ಟು ಇಟಲಿಯ ಯಾವುದೋ ಬೆಟ್ಟದ ಊರಿನಲ್ಲಿ ಸತ್ತನಂತೆ. ಅವನ ಪದವೂ ಉಳಿಯಲಿಲ್ಲ. "ಈಗ ಯಾರೂ ಹಾಗನ್ನಲ್ಲ ಅಜ್ಜಿ, ಗೇ ಅಂತಾರೆ, ಅಷ್ಟೆ" ಎಂದಳು. ಆಕಾಶದಿಂದ ತಂದ ಹೆಸರೂ ಸತ್ತುಹೋಗುತ್ತದೆ ಎಂದರೆ ಇನ್ನು ಯಾವ ಹೆಸರು ಉಳಿಯುತ್ತದೆ ಎಂದು ನನಗೆ ಗೊತ್ತಾಗುತ್ತಿಲ್ಲ. ನನಗೆ ಅಷ್ಟು ಹೊತ್ತು ಪಾಠ ಹೇಳಿದ ನೀನು ಆಸ್ಪತ್ರೆಯಲ್ಲಿ "ಫ್ರೆಂಡು" ಎಂದೆ. ನಾನು ತಿಗಳರಪೇಟೆಯಲ್ಲಿ ಅದನ್ನೂ ಅನ್ನಲಿಲ್ಲ. ಹೆಸರಿನಿಂದ ಏನೂ ಆಗುವುದಿಲ್ಲವೋ, ಹೆಸರಿಲ್ಲದೆ ಏನೂ ಆಗುವುದಿಲ್ಲವೋ, ಎರಡೂ ನಿಜ ಎಂದು ಕಾಣುತ್ತದೆ. ಎರಡರಲ್ಲೂ ದಾರಿಯಿಲ್ಲ.

ಸೋಮವಾರ ವಾಪಸು ಬರುವಾಗ ಆಟೋದವನು "ಎಲ್ಲಿಗಮ್ಮಾ?" ಎಂದು ಎರಡು ಸಲ ಕೇಳಿದ. ಸಾವಿನ ಮನೆಗೆಂದು ಬೇಯಿಸಿದ ಅನ್ನವನ್ನು ಮತ್ತೆ ಮನೆಯೊಳಗೆ ತರುವುದಿಲ್ಲ. ಕ್ಯಾರಿಯರನ್ನು ನಮ್ಮ ಮನೆಯ ಹೊರಗಿನ ಕಟ್ಟೆಯ ಮೇಲಿಟ್ಟು ಪಕ್ಕದಲ್ಲಿ ಕೂತೆ. ಕತ್ತಲಾಗುವಾಗ ದೀಪ ಇಡಲು ಎದ್ದವಳಿಗೆ ತಲೆಗೆ ಬಂತು, ನಾನು ಮನೆ ತಪ್ಪಿ ಹೋಗಿದ್ದೆ ಎಂದು. ಸತ್ತವನ ಮನೆ ಎಂದರೆ ಅವನ ತಾಯಿಯ ಮನೆ ಎಂದುಕೊಂಡು ಹೋದೆ. ಅಲ್ಲಿ ಅನ್ನ ತರುವವರು ಬೇಕಾದಷ್ಟು ಜನ ಇದ್ದರು. ಒಲೆ ಆರಿದ್ದು ಗವಿಪುರದಲ್ಲಿ. ಅವನು ಬೆಳಗಿನ ಕಾಫಿ ಕುಡಿದು ಮಾರ್ಕೆಟ್ಟಿಗೆ ಹೊರಟದ್ದು ಆ ಮನೆಯಿಂದ. ಗಂಡ ಸತ್ತ ಹೆಣ್ಣಿಗೆ ತವರಿನಿಂದ ಅನ್ನ ಬರುತ್ತದೆ. ಹೆಂಡತಿ ಸತ್ತವನಿಗೆ ಅತ್ತೆ ಮನೆಯಿಂದ ಬರುತ್ತದೆ. ನಿನಗೆ ಎಲ್ಲಿಂದಲೂ ಬಂದಿಲ್ಲ. ಗಂಡುಮಗನಿಗೆ ತವರು ಎಂಬುದಿಲ್ಲ ಎಂದೇ ನಾನು ಈ ವಯಸ್ಸಿನವರೆಗೂ ತಿಳಿದಿದ್ದೆ.

ಮಂಗಳವಾರ ನಿನ್ನ ಬಾಗಿಲಿಗೆ ಬಂದೆ. ಬೆಲ್ಲು ಒತ್ತಿದೆ, ತಟ್ಟಿದೆ, ಹೆಸರು ಹಿಡಿದು ಕರೆದೆ. ಹಾಲಿನ ಪ್ಯಾಕೆಟ್ಟುಗಳು ಹೊರಗೆ ಬಿದ್ದು ಉಬ್ಬಿಕೊಂಡಿದ್ದವು. ನಿನ್ನ ಚಪ್ಪಲಿಯ ಪಕ್ಕದಲ್ಲಿ ಅವನ ಹಳೆಯ ಚಪ್ಪಲಿ, ಹಿಮ್ಮಡಿ ಸವೆದದ್ದು, ಮಾರ್ಕೆಟ್ಟಿನ ಕೆಸರು ಒಣಗಿದ್ದು. ಒಳಗೆ ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು. ಇದ್ದೀಯ ಎಂದು ಆ ಸದ್ದಿನಿಂದ ತಿಳಿದುಕೊಂಡೆ. ಅದಕ್ಕಿಂತ ಹೆಚ್ಚು ತಿಳಿಯಲು ನನಗೆ ಧೈರ್ಯ ಬರಲಿಲ್ಲ, ವಾಪಸು ಬಂದೆ. ಆಮೇಲೆ ನಿದ್ದೆಯಿಲ್ಲ.

ನಿನ್ನನ್ನು ಸಮಾಧಾನ ಮಾಡುವ ಮಾತು ನನ್ನ ಹತ್ತಿರ ಇಲ್ಲ. ಕಾಲ ಎಲ್ಲವನ್ನೂ ಮರೆಸುತ್ತದೆ ಎನ್ನುವವರನ್ನು ನಂಬಬೇಡ, ನಿಮ್ಮಪ್ಪ ಹೋಗಿ ಇಷ್ಟು ವರ್ಷವಾದರೂ ಮಧ್ಯಾಹ್ನ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ನಾನು ಗೇಟಿನ ಸದ್ದಿಗೆ ಕಿವಿಗೊಡುತ್ತೇನೆ. ಆದರೆ ನಾನು ಅತ್ತಾಗ ಊರೆಲ್ಲ ಬಂದು ಕೂತಿತ್ತು. ನೀನು ಅಳುವುದಕ್ಕೂ ಯಾರ ಅಪ್ಪಣೆಯೂ ಸಿಗಲಿಲ್ಲ. ಅದು ನನ್ನ ಎದೆಯ ಮೇಲೆ ಕೂತಿದೆ, ಇಳಿಯುತ್ತಿಲ್ಲ.

ಶಿವ ನಿನ್ನನ್ನು ಕಾಯಲಿ. ಉಸಿರಿರುವವರೆಗೆ ನೀನು ನನ್ನ ಮಗ, ಅದಕ್ಕೆ ಹೊಸ ಹೆಸರೇನೂ ಬೇಕಿಲ್ಲ.

ನಿನ್ನ ತಾಯಿ,
ಮಹಾನಂದ ಪಂಚಾಕ್ಷರಯ್ಯ

ಮತ್ತೆ: ಈ ಕೊನೆಯ ಸಾಲುಗಳನ್ನು ನಿನ್ನ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿವೆ. ಕಾಗದವನ್ನು ಬಾಗಿಲ ಕೆಳಗೆ ತೂರಿಸುತ್ತೇನೆ. ಹಳೆಯ ಹಾಲಿನ ಪ್ಯಾಕೆಟ್ಟುಗಳನ್ನು ಎತ್ತಿ ಎಸೆದಿದ್ದೇನೆ, ಅವನ ಚಪ್ಪಲಿ ಮುಟ್ಟಿಲ್ಲ. ಫ್ಯಾನ್ ಇನ್ನೂ ತಿರುಗುತ್ತಿದೆ. ಕ್ಯಾರಿಯರ್ ನನ್ನ ಪಕ್ಕದಲ್ಲಿದೆ, ಬೆಳಿಗ್ಗೆ ಹೊಸದಾಗಿ ಬೇಯಿಸಿದ್ದು. ಮೇಲಿನ ಮನೆಯ ಹೆಂಗಸು ಇಳಿದು ಬಂದು, "ಯಾರಮ್ಮ ನೀವು, ಇಲ್ಯಾಕೆ ಕೂತಿದೀರಾ? ಈ ಮನೆಯವರಿಗೆ ಏನಾಗ್ಬೇಕು?" ಎಂದು ಕೇಳಿದಳು. "ಇದು ಸಾವಿನ ಮನೆ. ತವರಿಂದ ಅನ್ನ ತಂದಿದೀನಿ" ಎಂದೆ. ನಿನಗೆ ಕೇಳಿಸಲಿ ಎಂದೇ ಜೋರಾಗಿ ಹೇಳಿದೆ. ಬಾಗಿಲು ಇನ್ನೂ ತೆರೆದಿಲ್ಲ. ಅನ್ನ ಆರುತ್ತಿದೆ, ಪ್ರಭು.